ನಾಳೆಯ ಸುದ್ದಿ ಇಲ್ಲದ ಗೋಡೆಪತ್ರಿಕೆ

ಮಗಳ ಶಾಲೆಯ ಪ್ರಾಜೆಕ್ಟಿಗೆ ಅಂಟು ಬೇಕಿತ್ತು. ಅಂಗಡಿಯ ಗಮ್ ಮುಗಿದಿದೆ ಎಂದು ಹೆಂಡತಿ ಮೈದಾ ಕಲಸಿ ಒಲೆಯ ಮೇಲಿಟ್ಟಿದ್ದಳು. ಇಂದಿರಾನಗರದ ನಮ್ಮ ಬಾಡಿಗೆ ಮನೆಯ ತುಂಬ ಹಿಟ್ಟು ಬೇಯುವ ಮಂದವಾದ ವಾಸನೆ. ಬೂಟು ಬಿಚ್ಚುತ್ತಿದ್ದವನು ಹಾಗೇ ಕುಳಿತುಬಿಟ್ಟೆ. ಎಷ್ಟು ವರ್ಷವಾಗಿತ್ತು ಈ ವಾಸನೆ ಮೂಗಿಗೆ ಬಡಿದು...

ತೊಂಬತ್ತರ ದಶಕದ ಮಾತು. ಕಂಟೋನ್ಮೆಂಟಿನ ಒಂದು ಕಾಲೇಜಿನಲ್ಲಿ ನಾನು ಬಿ.ಎ. ಓದುತ್ತಿದ್ದೆ. ಇತಿಹಾಸ, ಪತ್ರಿಕೋದ್ಯಮ ಎರಡೂ ಇರುವ ಕಾಂಬಿನೇಷನ್. ನಿಜ ಹೇಳಬೇಕೆಂದರೆ ಬೇರೆಲ್ಲೂ ಸೀಟು ಸಿಗದವರೇ ಅಲ್ಲಿ ಹೆಚ್ಚು. ನಾನೂ ಆ ಗುಂಪಿನವನೇ. "ಒಂದು ಸತ್ತೋರ ಸುದ್ದಿ, ಇನ್ನೊಂದು ಇದ್ದೋರ ಸುದ್ದಿ. ಎರಡೂ ಓದಿ ಏನೋ ಮಾಡ್ತೀಯಾ?" ಎಂದು ಹಲಸೂರಿನ ನಮ್ಮ ಬೀದಿಯವರು ಕಾಲೆಳೆಯುತ್ತಿದ್ದರು.

ಇತಿಹಾಸ ಹೇಳುತ್ತಿದ್ದ ಮೇಡಂ ಗುಲ್ಬರ್ಗದ ಕಡೆಯವರು. ಮರ್ಫಿ ಟೌನಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು. ಅವರದು ಕಾಯಂ ನೌಕರಿಯಲ್ಲ, ಪ್ರತಿ ಜೂನ್ ಬಂದಾಗಲೂ ಹೊಸದಾಗಿ ಆದೇಶವಾಗಬೇಕು. ಪತ್ರಿಕೋದ್ಯಮಕ್ಕೆಂದು ಬಂದ ಮೇಷ್ಟ್ರುಗಳು ಒಬ್ಬರಾದ ಮೇಲೊಬ್ಬರು ಬಿಟ್ಟು ಹೋಗುತ್ತಿದ್ದುದರಿಂದ ಆ ತರಗತಿಯೂ ಅವರ ತಲೆಗೇ ಬಿತ್ತು. ಅವರು ಬೇಸರಪಡಲಿಲ್ಲ. ಎರಡನ್ನೂ ಕಲಸಿ ತಮ್ಮದೇ ಒಂದು ಪಾಠ ಮಾಡಿಕೊಂಡರು.

ಪಾಠವೆಂದರೆ ಗೋಡೆಪತ್ರಿಕೆ. ಪ್ರತಿ ಶನಿವಾರ ಹಳೆಯ ಕಾಲದ ಒಂದು ದಿನವನ್ನು ಆರಿಸಿ, ಆ ದಿನವೇ ಇವತ್ತು ಎಂದುಕೊಂಡು ಸುದ್ದಿ ಬರೆಯಬೇಕು. ನಿಯಮ ಒಂದೇ: ಮರುದಿನ ಏನಾಯಿತೆಂಬುದು ನಮಗೆ ಗೊತ್ತಿಲ್ಲ. ಬರೆದದ್ದನ್ನು ಮೈದಾ ಅಂಟು ಕುದಿಸಿ, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಬೆರೆಸಿ, ಗೇಟಿನ ಪಕ್ಕದ ಗೋಡೆಗೆ ಹಚ್ಚುತ್ತಿದ್ದೆವು.

ನೂರು ವರ್ಷದ ಹಿಂದೆ ಬೆಂಗಳೂರಿಗೆ ಬಂದ ಪ್ಲೇಗಿನ ಸಂಚಿಕೆಗೆ ನಾನು, 'ಜನ ವಿನಾಕಾರಣ ಹೆದರಿ ಊರು ಬಿಟ್ಟರು' ಎಂದು ಬರೆದಿದ್ದೆ. ಮೇಡಂ ಓದಿ ನನ್ನ ಮುಖ ನೋಡಿದರು.

"ವಿನಾಕಾರಣ ಅಂತ ನಿನಗ ಹ್ಯಾಂಗ ಗೊತ್ತಾತಪ್ಪ? ಪಾಸಾದ ಮ್ಯಾಲ ಪರೀಕ್ಷಾ ಹಗೂರ ಇತ್ತು ಅಂದಂಗಾತು. ಅಂಜಿದವರ ಮನಿಯಾಗ ನಿಂತು ಬರಿ."

ಹಾಗೆ ನಿಂತು ನೋಡುವುದನ್ನು ಕಲಿಸಲು ನಮ್ಮನ್ನು ನಡೆಸಿಕೊಂಡು ಹೋಗುತ್ತಿದ್ದರು. ರಸೆಲ್ ಮಾರುಕಟ್ಟೆಯ ಎದುರು ನಿಲ್ಲಿಸಿ, "ಪ್ಲೇಗಿನ ಹೊತ್ತಿಗೆ ಇದನ್ನ ಇನ್ನಾ ಕಟ್ಟಿಲ್ಲ. ಕಣ್ಣಾಗಿಂದ ತಗೀರಿ" ಎನ್ನುತ್ತಿದ್ದರು. ನಾವು ಕಣ್ಣು ಕಿರಿದು ಮಾಡಿ ನಿಲ್ಲುತ್ತಿದ್ದೆವು. ಮೊದಲು ನಗು ಬರುತ್ತಿತ್ತು. ಆಮೇಲೆ ಆಟೋಗಳ ಸದ್ದು ದೂರವಾಗುತ್ತಿತ್ತು, ಗಡಿಯಾರದ ಗೋಪುರ ತೆಳ್ಳಗಾಗುತ್ತಿತ್ತು, ಬಯಲಿನಲ್ಲಿ ಗಂಟುಮೂಟೆ ಹೊತ್ತ ಜನ ಒಂದು ಎತ್ತಿನ ಗಾಡಿಯ ಹಿಂದೆ ಸದ್ದಿಲ್ಲದೆ ನಡೆದುಹೋಗುತ್ತಿದ್ದರು... ಅವರಲ್ಲಿ ಒಬ್ಬಳು ಹೆಂಗಸು ತಿರುಗಿ ನನ್ನನ್ನು ನೋಡಿದಳೆಂದು ಇಂದಿಗೂ ನನಗನ್ನಿಸುತ್ತದೆ. ನಮ್ಮ ಈ ಹುಚ್ಚಾಟ ನೋಡಿ ನೋಡಿ ಅಭ್ಯಾಸವಾಗಿದ್ದ ಬಾಳೆಹಣ್ಣಿನ ಸಾಬರು, "ಕ್ಯಾ ಮೇಡಂ, ಆಜ್ ಕೌನ್ಸಾ ಸಾಲ್?" ಎಂದು ಕೇಳುತ್ತಿದ್ದರು, ಇವತ್ತು ಯಾವ ವರ್ಷ ಎಂದು. ಮೇಡಂ ಗಂಭೀರವಾಗಿಯೇ ಇಸವಿ ಹೇಳುತ್ತಿದ್ದರು. ಅಲ್ಲಿಂದ ಹಲಸೂರು ಕೆರೆಯವರೆಗೆ ನಾವು ಆ ಇಸವಿಯಲ್ಲೇ ನಡೆದು ಬರುತ್ತಿದ್ದೆವು.

ನಾನು ಕೊನೆಯ ವರ್ಷಕ್ಕೆ ಕಾಲಿಟ್ಟಾಗ ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿಬಿಟ್ಟರು. ಮೊದಲ ವರ್ಷಕ್ಕೆ ಬೇಕಾದಷ್ಟು ಮಕ್ಕಳು ಸೇರದಿದ್ದರೆ ಕಾಂಬಿನೇಷನ್ ಮುಚ್ಚುತ್ತದೆ. ಅದು ಮುಚ್ಚಿದರೆ ಈಗಿರುವ ಬ್ಯಾಚುಗಳೊಂದಿಗೆ ಮೇಡಂ ಕೆಲಸವೂ ಮುಗಿಯುತ್ತದೆ. ಅಡ್ಮಿಷನ್ ದಿನಗಳಲ್ಲಿ ನಾವು ಗೋಡೆಯ ತುಂಬ ಪತ್ರಿಕೆ ಹಚ್ಚಿದೆವು. ಬಂದವರನ್ನೆಲ್ಲ ಅಡ್ಡಹಾಕಿ, ಸಂತೆಯಲ್ಲಿ ಸೊಪ್ಪು ಮಾರುವವರ ಹಾಗೆ ನಮ್ಮ ಕಾಂಬಿನೇಷನ್ ಹೊಗಳಿದೆವು. ಕಡೆಯ ದಿನದ ಹೊತ್ತಿಗೆ ಇನ್ನೊಬ್ಬರು ಸೇರಿದರೆ ಸಾಕೆಂಬಲ್ಲಿಗೆ ಬಂದು ನಿಂತಿತ್ತು.

ಆ ಮಧ್ಯಾಹ್ನ ಒಬ್ಬಳು ಹುಡುಗಿ ಅಪ್ಪನೊಂದಿಗೆ ಬಂದಳು. ಅವರೂ ಗುಲ್ಬರ್ಗದ ಕಡೆಯವರೇ. ಅಪ್ಪ ಗರುಡಾಚಾರ್‌ಪಾಳ್ಯದ ಯಾವುದೋ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ಕರೆದ ದಿನ ಕೆಲಸ, ಕರೆಯದ ದಿನ ಇಲ್ಲ. ಹುಡುಗಿ ಗೋಡೆಯ ಮುಂದೆ ನಿಂತು ಪೂರ್ತಿ ಓದಿ, ಇದನ್ನೇ ಓದುತ್ತೇನೆಂದು ಹಟ ಹಿಡಿದಳು. ನಾವು ಒಳಗೊಳಗೇ ಕುಣಿದೆವು. ಮೇಡಂ ಅವಳನ್ನು ಎದುರು ಕೂರಿಸಿಕೊಂಡು ಮನೆಯ ಸಂಗತಿ ವಿಚಾರಿಸಿದರು. ಕೆಳಗೆ ತಮ್ಮ ತಂಗಿಯರಿದ್ದರು. ಅವಳಿಗೆ ಆಗಲೇ ಟಿ.ಸಿ.ಎಚ್. ಸೀಟು ಬಂದಿತ್ತು, ಮುಗಿಸಿದರೆ ಶಾಲೆಯ ಟೀಚರ್ ಕೆಲಸ ಸಿಗುವ ಓದು.

"ಅದನ್ನ ಬಿಡಬ್ಯಾಡ ತಂಗಿ, ಕೈಗೆ ಬಂದ ತುತ್ತು ಅದು," ಎಂದರು ಮೇಡಂ. "ಇತಿಹಾಸ ಎಲ್ಲಿಗೂ ಓಡಿ ಹೋಗಂಗಿಲ್ಲ. ನೌಕರಿ ಹಿಡದು ಆಮ್ಯಾಲ ಓದಕೋ."

ಅಪ್ಪ ಎದ್ದು ಕೈಮುಗಿದ. ಹುಡುಗಿ ಅಳುತ್ತಲೇ ಹೋದಳು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಅವಳನ್ನ ಸೇರಿಸ್ಕೊಂಡಿದ್ರೆ ಮುಗೀತಿತ್ತಲ್ಲ ಮೇಡಂ! ಈಗ ನಿಮ್ ಕೆಲಸಾನೂ ಹೋಗುತ್ತೆ, ಗೊತ್ತಾ?"

"ಗೊತ್ತದ," ಎಂದರು. ಅಷ್ಟೇ. ಸಂಜೆಯವರೆಗೆ ಮೇಜಿನ ಮುಂದೆ ಕೂತಿದ್ದರು. ಮತ್ತೆ ಯಾರೂ ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಕೂದಲು ಬೆಳ್ಳಗಾಗಿತ್ತು. ನೌಕರಿ ಪರೀಕ್ಷೆಗಳಿಗೆ ತಯಾರು ಮಾಡುವ ಒಂದು ಟ್ಯುಟೋರಿಯಲ್‌ನಲ್ಲಿ ಇತಿಹಾಸ ಹೇಳುತ್ತಿದ್ದರಂತೆ.

"ಪ್ಲೇಗ್ ಯಾವ ವರ್ಷ ಬಂತು ಅಂತ ಕೇಳ್ತಾರ. ಅಂಜಿಕಿ ಹ್ಯಾಂಗಿತ್ತು ಅಂತ ಯಾರೂ ಕೇಳಂಗಿಲ್ಲ ನೋಡು," ಎಂದು ನಕ್ಕರು. ಆ ಹುಡುಗಿಯನ್ನು ಕಳಿಸಿದ್ದಕ್ಕೆ ಬೇಜಾರಿಲ್ಲವೇ ಎಂದು ಕೇಳಿಯೇಬಿಟ್ಟೆ.

"ಭಾಳ ಅದ," ಎಂದರು ತಡಮಾಡದೆ. "ಆದ್ರ ಮತ್ತ ಬಂದ್ರೂ ಹಂಗೇ ಕಳಸ್ತೀನಿ."

ಅಷ್ಟರಲ್ಲಿ ಅವರ ಬಸ್ಸು ಬಂತು. ನಂಬರ್ ಬರೆದುಕೊಳ್ಳಬೇಕಿತ್ತು... ನೂಕುನುಗ್ಗಲಿನಲ್ಲಿ ಆಗಲಿಲ್ಲ.

ಮೈದಾ ವಾಸನೆಯ ಆ ಸಂಜೆ ಹಳೆಯ ಸಹಪಾಠಿಗೆ ಫೋನ್ ಮಾಡಿದೆ. ಅವನು ಈಗ ಕೆ.ಆರ್. ಪುರದಲ್ಲಿದ್ದಾನೆ.

"ಲೋ, ನಮ್ ಮೇಡಂ ನಂಬರ್ ಇದೆಯಾ?"

"ಮಗಾ, ಮೇಡಂ ಹೋಗ್ಬಿಟ್ರು. ಅವ್ರ ಊರಲ್ಲೇ ಅಂತೆ, ಎರಡು ತಿಂಗ್ಳಾಯ್ತು. ನೀನು ಪೇಪರ್‌ನಲ್ಲಿದೀಯಲ್ಲ, ನಿಂಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಹೌದು, ನಾನು ಪತ್ರಿಕೆಯಲ್ಲೇ ಇದ್ದೇನೆ. ಮರುದಿನ ಕಚೇರಿಯಲ್ಲಿ, ನಿಧನ ವಾರ್ತೆಗಳನ್ನು ನೋಡಿಕೊಳ್ಳುವ ಹುಡುಗಿಯ ಬಳಿ ಹೋಗಿ ನಾಲ್ಕು ಸಾಲು ಹಾಕಲು ಸಾಧ್ಯವೇ ಎಂದು ಕೇಳಿದೆ.

"ಯಾವಾಗ ಹೋದ್ರು ಸರ್?"

ಹೇಳಿದೆ.

"ಎರಡು ತಿಂಗ್ಳಾದ್ಮೇಲೆ ಅದು ಸುದ್ದಿ ಆಗಲ್ವಲ್ಲ ಸರ್..." ಎಂದಳು, ಪಾಪ, ಸಂಕೋಚದಿಂದಲೇ.

ಅವಳ ತಪ್ಪಿಲ್ಲ, ಅವಳ ಜಾಗದಲ್ಲಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ನನ್ನ ಕುರ್ಚಿಗೆ ಬಂದು ಕೂತೆ. ಸುದ್ದಿಗೆ ತಡವಾಯಿತು, ಇತಿಹಾಸಕ್ಕೆ ಸೇರಿಸೋಣವೆಂದರೆ, ಬಾಡಿಗೆ ಕೋಣೆಯಲ್ಲಿ ಬಾಳಿದ ಒಬ್ಬ ಹೆಂಗಸಿನ ಸಾವನ್ನು ಯಾರು ಬರೆದುಕೊಳ್ಳುತ್ತಾರೆ? ಎರಡನ್ನೂ ನನಗೆ ಒಟ್ಟಿಗೆ ಕಲಿಸಿದವರಿಗೆ ಎರಡರಲ್ಲೂ ಜಾಗ ಸಿಗಲಿಲ್ಲ.