ಕೆಳಗಿಡಬಾರದ ತಂಬಿಗೆ

ಸಂಜೆ ಐದು ಗಂಟೆ ಹನ್ನೆರಡು ನಿಮಿಷ. ಇಷ್ಟು ನಿಖರವಾಗಿ ಹೇಳಬಲ್ಲೆ, ಏಕೆಂದರೆ ಆ ಹೊತ್ತಿಗೆ ಅಕ್ಕ ತನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಳು. ಅದರ ಮೂಲೆಯಲ್ಲಿ ಸಮಯ ಬಿದ್ದಿದೆ. ಮಂಗಳೂರಿನ ಕಡಲತೀರ. ಅವ್ವ ಮೊಣಕಾಲು ಮುಳುಗುವಷ್ಟು ನೀರಿನಲ್ಲಿ, ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ದಾಳೆ. ಅವಳಿಗಿಂತ ಎರಡು ಹೆಜ್ಜೆ ಈಚೆಗೆ ನಾನು, ತುಂಬಿದ ಹಿತ್ತಾಳೆ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು. ಇಬ್ಬರೂ ನಗುತ್ತಿದ್ದೇವೆ. ಅವ್ವನ ಹೆಗಲಿಗಿಂತ ಒಂದು ಗೇಣು ಮೇಲೆ, ಹಿಂದೆ, ಕಂದು ಬಣ್ಣದ ಒಂದು ಗೆರೆ ಇದೆ. ನೋಡಿದವರೆಲ್ಲ ಅದನ್ನು ನೀರೂ ಆಕಾಶವೂ ಸೇರುವ ಜಾಗ ಅಂದುಕೊಳ್ಳುತ್ತಾರೆ. ಅಲ್ಲ. ಅದು ಅಲೆ.

ನಮ್ಮದು ಹಡಗಲಿಯ ಹತ್ತಿರದ ಹಳ್ಳಿ, ಮಲ್ಲಿಗೆ ತೋಟದ ಮನೆ. ಮೂವರು ಹೆಣ್ಣುಮಕ್ಕಳಲ್ಲಿ ನಾನು ನಡುವಿನವಳು. ಅಕ್ಕ ಮದುವೆಯಾಗಿ ಮಂಗಳೂರು ಸೇರಿದಳು, ಭಾವ ಅಲ್ಲಿ ಸೆಂಟ್ರಿಂಗ್ ಮೇಸ್ತ್ರಿ. ತಂಗಿ ಗೋವಾದ ವಾಸ್ಕೋ ಸೇರಿದಳು, ಅವಳ ಗಂಡ ಬಂದರಿನಿಂದ ಲಾರಿ ಓಡಿಸುತ್ತಾನೆ. ನಾನು ಕೊಟ್ಟೂರಿನಲ್ಲಿ ಡಿಗ್ರಿ ಓದಿ, ಎಂ.ಎ. ಮುಗಿಸಿ, ಈಗ ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕಲಿಸುವುದು ಭೂಗೋಳ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ನಮ್ಮ ಸೀಮೆಯಲ್ಲಿ, ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾವ ಓಣಿಗೆ ಹೋದರೂ ಎರಡು ಪಕ್ಷಗಳಿವೆ: ದುಡಿಯಲು ಮಂಗಳೂರಿಗೆ ಹೋದವರು, ಗೋವಾಕ್ಕೆ ಹೋದವರು. ಹಬ್ಬಕ್ಕೆ ಬಂದಾಗ ಬಸ್ ಸ್ಟ್ಯಾಂಡಿನಲ್ಲೇ ವಾದ ಶುರು. ಯಾವ ಊರಿನ ಮಳೆ ದೊಡ್ಡದು, ಯಾವ ಊರಿನ ಜನ ಒಳ್ಳೆಯವರು, ಎಲ್ಲಿ ನಲ್ಲಿಯ ನೀರು ಸಿಹಿ. ನಮ್ಮ ಮನೆಯಲ್ಲಿ ಈ ಎರಡು ಪಕ್ಷಗಳೂ ಒಂದೇ ಹೊಟ್ಟೆಯಿಂದ ಹುಟ್ಟಿದ್ದವು.

“ನಿಮ್ಮ ಗೋವಾದಾಗ ಏನೈತಿ ಲೇ? ಮುಂಜಾನಿ ಎದ್ರ ಪಾವು ಬ್ರೆಡ್ಡು, ಸಂಜಿಗೆ ಕುಂತ್ರ ಪಾವು” ಎಂದು ಅಕ್ಕ ಫೋನಿನಲ್ಲೇ ಹಂಗಿಸುವಳು.

“ನಿಮ್ಮ ಮಂಗ್ಳೂರು ಅನ್ನ ಅಂದ್ರ ಕಲ್ಲು. ಕುಚ್ಚಲಕ್ಕಿ ತಿಂದು ತಿಂದು ನಿನ್ನ ಹಲ್ಲು ಸವದಾವು, ಕನ್ನಡ್ಯಾಗ ನೋಡ್ಕೋ” ಎಂದು ತಂಗಿ ತಿರುಗಿ ಕೊಡುವಳು.

ಆ ಬೇಸಿಗೆಯ ಕೊನೆಗೆ ಅವ್ವ ಮತ್ತು ನಾನು ಎರಡೂ ಊರಿಗೆ ಹೋದೆವು. ಹಳೆ ಮನೆಯ ಪಕ್ಕದಲ್ಲಿ ಹೊಸ ಮನೆ ಎದ್ದಿತ್ತು, ಒಳಹೋಗುವುದಕ್ಕೆ ಗಂಗೆ ತರಬೇಕಿತ್ತು. ನಮ್ಮಲ್ಲಿ ಅದನ್ನು ತುಂಗಭದ್ರೆಯಿಂದ ತರುತ್ತಾರೆ. ಅವ್ವ ಮಾತ್ರ ಬೇರೆ ಹರಕೆ ಹೊತ್ತಿದ್ದಳು. “ಇಬ್ಬರು ಮಕ್ಕಳು ಸಮುದ್ರದ ದಂಡಿಗೆ ಕುಂತು ಅನ್ನ ಉಣ್ಣಾಕ ಹತ್ಯಾರ. ಆ ಗಂಗವ್ವಗ ಒಂದು ಅರಿಷಿಣ ಕುಂಕುಮ ಬ್ಯಾಡೇನು?” ಅಪ್ಪ ಹೂವು ಬಿಡಿಸುವುದನ್ನು ಬಿಟ್ಟು ಬರುವಂತಿರಲಿಲ್ಲ. ನಾವಿಬ್ಬರೇ ಹೊಸಪೇಟೆಯಿಂದ ರೈಲು ಹತ್ತಿದೆವು.

ವಾಸ್ಕೋದಲ್ಲಿ ತಂಗಿಯ ಓಣಿಗೆ ಕಾಲಿಟ್ಟರೆ ನಮ್ಮ ಕಡೆಯ ಇಟ್ಟಿಗಿಯಲ್ಲೋ ಚಿಗಟೇರಿಯಲ್ಲೋ ಇದ್ದಂತೆ. ರೊಟ್ಟಿ ಬಡಿಯುವ ಸದ್ದು, “ಏನವ್ವ, ಯಾವಾಗ ಬಂದ್ರಿ?” ಎಂದು ಬಾಗಿಲಿಗೆ ಬರುವ ಹೆಂಗಸರು. ಬೆಳಿಗ್ಗೆ ಪಾವಿನವನು ಸೈಕಲ್ಲಿನಲ್ಲಿ ಹಾರ್ನ್ ಒತ್ತುತ್ತಾ ಬರುವುದೊಂದೇ ಬೇರೆ. ಆದರೆ ಆ ಓಣಿಯ ಕೊನೆಗೆ ಕನ್ನಡವೂ ಮುಗಿಯುತ್ತದೆ. ಆಚೆಗೆ ತಂಗಿಯ ಹಿಂದಿ, ಅರ್ಧ ಕೊಂಕಣಿ, ಉಳಿದದ್ದು ಕೈಸನ್ನೆ. ಮಂಗಳೂರು ತಿರುವುಮುರುವು. ಅಲ್ಲಿ ಎಲ್ಲರಿಗೂ ಕನ್ನಡ ಬರುತ್ತದೆ, ಪುಸ್ತಕ ಓದಿದಂತೆ ಮರ್ಯಾದೆಯಿಂದ ಆಡುತ್ತಾರೆ. ಆಮೇಲೆ ಮುಖ ಆಚೆ ತಿರುಗಿಸಿ ತಮ್ಮತಮ್ಮಲ್ಲಿ ತುಳು. ಹನ್ನೊಂದು ವರ್ಷವಾದರೂ ಪಕ್ಕದ ಮನೆಯಾಕೆ ಅಕ್ಕನ ಹೊಸ್ತಿಲು ದಾಟಿಲ್ಲ, ಆದರೆ ಅಕ್ಕನಿಗೆ ಜ್ವರ ಬಂದಾಗ ಹೊಸ್ತಿಲ ಮೇಲೆ ಗಂಜಿಯ ಪಾತ್ರೆ ಇಟ್ಟು ಹೋಗಿದ್ದಾಳೆ. ವಾಸ್ಕೋದ ಮನೆಗಳ ಬಾಗಿಲು ಮುಚ್ಚುವುದೇ ಇಲ್ಲ, ಅಲ್ಲಿ ಜಗಳವೂ ಮುಚ್ಚಿಡುವುದಿಲ್ಲ.

ಅವ್ವ ಊರನ್ನು ಅಳೆದದ್ದು ಹೂವಿನಿಂದ. ಗೋವಾದ ಹೆಂಗಸರು ಅಬ್ಬಲಿಗೆಯ ಪುಟ್ಟ ಮಾಲೆ ಮುಡಿಯುವುದನ್ನು ನೋಡಿ, “ಇಷ್ಟ ಮುಡ್ಕೊಂಡ್ರ ತಲಿಗೆ ಗೊತ್ತರ ಆಗತೈತೇನು?” ಎಂದಳು. ಮಂಗಳೂರಿನ ಸಂತೆಯಲ್ಲಿ ಮಲ್ಲಿಗೆಯನ್ನು ಮಾರಿನಲ್ಲಿ ಅಳೆಯದೆ ಚೆಂಡಿನ ಲೆಕ್ಕದಲ್ಲಿ ಮಾರುವುದನ್ನು ಕಂಡು ತಬ್ಬಿಬ್ಬಾದಳು. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಹೂವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, “ಕಟ್ಟೋದು ಮಾತ್ರ ಇವರು ಬಲ್ಲರು ಬಿಡು” ಎಂದು ಒಪ್ಪಿಕೊಂಡಳು. ಅಕ್ಕನ ಅಡುಗೆಮನೆ ಕಿಟಕಿಯಿಂದ ಮೀನಿನ ವಾಸನೆ ಬಂದರೆ ವಿಭೂತಿ ಉಂಡೆಯನ್ನು ಮೂಗಿಗೆ ಹಿಡಿದು ಕೂರುತ್ತಿದ್ದಳು.

ಎರಡೂ ಊರಿಗೆ ಒಂದು ಹೋಲಿಕೆಯಿತ್ತು. ಅಲ್ಲಿ ನಮ್ಮನ್ನು ಘಾಟಿ ಅನ್ನುತ್ತಾರೆ, ಇಲ್ಲಿ ಘಟ್ಟದವರು. ನಮ್ಮ ಊರಿನ ಸುತ್ತ ಘಟ್ಟವೇ ಇಲ್ಲ. ಕಣ್ಣು ಹರಿಯುವವರೆಗೆ ಸಪಾಟು ನೆಲ.

ಗಂಗೆ ತರುವ ಪದ್ಧತಿಯನ್ನು ಹೇಳಬೇಕು. ಮೊಣಕಾಲಿನವರೆಗೆ ನೀರಿಗಿಳಿದು, ನೀರಿಗೆ ಅರಿಷಿಣ ಕುಂಕುಮ ಹೂವು ಬಿಟ್ಟು, ತಂಬಿಗೆ ತುಂಬಿ, ಮನೆಯ ಒಬ್ಬ ಹೆಣ್ಣುಮಗಳ ಕೈಗೆ ಕೊಡಬೇಕು. ಕೊಟ್ಟ ಮೇಲೆ ನೀರಿಗೆ ಬೆನ್ನು ತಿರುಗಿಸಬೇಕು. ಮತ್ತೆ ಹೊರಳಿ ನೋಡಬಾರದು. ಇಸಿದುಕೊಂಡವಳು ತಂಬಿಗೆಯನ್ನು ಮನೆ ಸೇರುವತನಕ ನೆಲಕ್ಕೆ ಇಡಬಾರದು. ಹೊಳೆಯಲ್ಲಿ ಇದರಿಂದ ಯಾರಿಗೂ ಏನೂ ಆಗಿಲ್ಲ. ಹೊಳೆ ಹಿಂದಿನಿಂದ ಬಂದು ಹೊಡೆಯುವುದಿಲ್ಲ.

ವಾಸ್ಕೋದಲ್ಲೂ ಏನೂ ಆಗಲಿಲ್ಲ. ಅಲ್ಲಿ ಸಮುದ್ರ ಕೊಲ್ಲಿಯೊಳಗೆ ಮುದುರಿ ಮಲಗಿರುತ್ತದೆ. ದೂರದಲ್ಲಿ ಹಡಗುಗಳು ಕಟ್ಟಿಹಾಕಿದ ಎಮ್ಮೆಗಳಂತೆ ನಿಂತಿದ್ದವು. “ಕೆರಿ ಇದ್ದಂಗ ಐತಲ್ಲೇ” ಎಂದು ಅವ್ವ ನಕ್ಕಳು. ಪೂಜೆ ಮಾಡಿ ತುಂಬಿಕೊಟ್ಟ ಮೊದಲ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಡಗಾಂವಿನಿಂದ ಕರಾವಳಿಯುದ್ದಕ್ಕೂ ರೈಲಿನಲ್ಲಿ ಮಂಗಳೂರಿಗೆ ಬಂದೆವು. ಅಕ್ಕ ಅದನ್ನು ಅಡುಗೆಮನೆಯ ಕೊಕ್ಕೆಗೆ ಚೀಲದಲ್ಲಿ ತೂಗುಹಾಕಿದಳು.

ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ಹೇಳಿದಳು, “ಅವ್ವ, ನೀರಿಗೆ ಇಳೀಬ್ಯಾಡ. ದಂಡಿಮ್ಯಾಲಿಂದ ತುಂಬ್ಕೋ. ನಮ್ಮ ಸಮುದ್ರ ಆಕಿ ಗೋವಾದಂಗಲ್ಲ, ಸಿಟ್ಟಿಂದು. ಮಳಿಗಾಲ ಇನ್ನ ಬಂದಿಲ್ಲ ಖರೆ, ನೀರಿಗೆ ಆಗಲೇ ಗೊತ್ತಾಗೈತಿ.”

ಫೋನಿನ ಸ್ಪೀಕರಿನಲ್ಲಿದ್ದ ತಂಗಿ ಬಿಟ್ಟಾಳೆಯೇ? “ನೋಡವ್ವ, ಸಮುದ್ರದಾಗೂ ಆಕೀದ ದೊಡ್ಡದು!”

ನಾವೆಲ್ಲ ನಕ್ಕೆವು. ಮಳೆ ದೊಡ್ಡದು, ಮೀನು ದೊಡ್ಡದು, ತೆಂಗಿನಕಾಯಿ ದೊಡ್ಡದು ಎಂದು ಹನ್ನೊಂದು ವರ್ಷದಿಂದ ಹೇಳುತ್ತಿದ್ದವಳ ಮಾತು ಅದು. ಅಕ್ಕ ಮಾತ್ರ ನಗಲಿಲ್ಲ. ನಾನು ಅದನ್ನು ಗಮನಿಸಿದೆ, ಗಮನಿಸಿಯೂ ಮೊಬೈಲ್ ತೆಗೆದು ಅವ್ವನಿಗೆ ನಕ್ಷೆ ತೋರಿಸಿದೆ. “ಇವರಿಬ್ಬರ ಮಾತು ಕೇಳಬ್ಯಾಡ ಯವ್ವಾ. ಇದು ವಾಸ್ಕೋ, ಇದು ಮಂಗ್ಳೂರು. ಎರಡೂ ಒಂದ ಸಮುದ್ರ.” ಪರದೆಯ ಮೇಲೆ ಉದ್ದಕ್ಕೂ ಒಂದೇ ನೀಲಿ. ಅವ್ವ ಬೆರಳಿನಿಂದ ಅದನ್ನು ಮುಟ್ಟಿ ನೋಡಿದಳು.

ಸಂಜೆ ಅವ್ವ ನೀರಿಗಿಳಿದಳು. ತಂಬಿಗೆ ತುಂಬಿ ನನ್ನ ಕೈಗೆ ಕೊಟ್ಟಳು. “ಕೆಳಗ ಇಡಬ್ಯಾಡ ಮತ್ತ” ಎಂದಳು. ಬೆನ್ನು ತಿರುಗಿಸಿದಳು. ದಂಡೆಯ ಮೇಲಿದ್ದ ಅಕ್ಕ ತಂಗಿಗೆ ಕಳಿಸಿ ಜಂಬ ಕೊಚ್ಚಲೆಂದು ಫೋಟೊ ತೆಗೆದಳು. ಆಮೇಲೆ ಅಕ್ಕನ ಬಾಯಿ ತೆರೆದದ್ದು ಕಂಡಿತು, ಕೂಗು ಕೇಳಿಸಲಿಲ್ಲ.

ಅಲೆ ನನ್ನ ಬೆನ್ನಿಗೆ ಬಡಿಯಿತು. ಅವ್ವ ಬೋರಲು ಬಿದ್ದಳು. ನೀರು ಹಿಂದಕ್ಕೆ ಎಳೆಯತೊಡಗಿದಾಗ ಅವಳ ಬಲಗೈ ನನ್ನ ಎಡಗೈಗೆ ಸಿಕ್ಕಿತು. ಸಿಕ್ಕಿತ್ತು. ಗಾಜಿನ ಬಳೆಗಳು ನನ್ನ ಅಂಗೈಯಲ್ಲಿ ಪುಡಿಯಾದವು. ಕೈ ಮಣಿಕಟ್ಟಿನಿಂದ ಅಂಗೈಗೆ, ಅಂಗೈಯಿಂದ ಬೆರಳಿಗೆ ಜಾರಿತು. ಇನ್ನೊಂದು ಕೈ ಹಾಕಿದ್ದರೆ ನಿಲ್ಲುತ್ತಿತ್ತು. ಆ ಇನ್ನೊಂದು ಕೈ ತಂಬಿಗೆಯನ್ನು ಸೊಂಟಕ್ಕೆ ಅವಚಿ ಹಿಡಿದಿತ್ತು.

ನನಗೆ ಅಂಥ ನಂಬಿಕೆಗಳಿಲ್ಲ. ಅವ್ವನ ಜೊತೆ ಎಷ್ಟೋ ಸಲ ವಾದ ಮಾಡಿದವಳು ನಾನು. ಆದರೂ ಕೈ ಬಿಡಲಿಲ್ಲ. ಅವ್ವನ ಕೈ ಬಿಟ್ಟಿತು, ತಂಬಿಗೆಯ ಕೈ ಬಿಡಲಿಲ್ಲ.

ಹಸಿರು ಸೆರಗು ಒಂದು ಸಲ ಕಂಡಿತು. ಆಮೇಲೆ ಅದೂ ಇಲ್ಲ. ಮೇಲ್ಗಡೆ ಬಲೆ ಸರಿಮಾಡುತ್ತಾ ಕೂತಿದ್ದ ನಾಲ್ಕೈದು ಜನ ಹಗ್ಗ ಹಿಡಿದು ಓಡಿಬಂದರು. ಅವರಲ್ಲಿ ವಯಸ್ಸಾದ ಒಬ್ಬ ನನ್ನನ್ನು ರಟ್ಟೆ ಹಿಡಿದು ಹಿಂದಕ್ಕೆ ತಳ್ಳಿ, “ಕಡಲಿಗೆ ಬೆನ್ನು ಹಾಕಿ ನಿಲ್ಲುದಾ ಮಾರಾಯ್ರೆ? ಆ ಚೊಂಬು ಬಿಸಾಡಿ!” ಎಂದು ಕಿರುಚಿ ನೀರಿಗೆ ಬಿದ್ದ. ಅಕ್ಕ ಮೂರು ನಿಮಿಷ ಎನ್ನುತ್ತಾಳೆ. ನನಗೆ ಗೊತ್ತಿಲ್ಲ. ಅವ್ವನನ್ನು ಮರಳಿನ ಮೇಲೆ ಮಲಗಿಸಿದಾಗ ಅವಳ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮೂಗಿನಿಂದ ಮರಳು ಬೆರೆತ ನೊರೆ ಬರುತ್ತಿತ್ತು. ಆ ಮುದುಕ ಅವಳ ಎದೆ ಒತ್ತುತ್ತಿದ್ದ. ನಾನು ನಿಂತೇ ಇದ್ದೆ, ತಂಬಿಗೆ ಹಿಡಿದುಕೊಂಡು.

ಆಸ್ಪತ್ರೆಯಲ್ಲಿ ನಾಲ್ಕು ದಿನ ಆಮ್ಲಜನಕ. ಶ್ವಾಸಕೋಶಕ್ಕೆ ನೀರು ಹೋಗಿದೆ, ಸೋಂಕು ಏರದಿದ್ದರೆ ಉಳಿಯುತ್ತಾರೆ ಎಂದರು ಡಾಕ್ಟರು. ಏರದಿದ್ದರೆ. ಮೊದಲ ಸಂಜೆ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ನರ್ಸ್ ಒಬ್ಬಳು, “ಅದನ್ನು ಕೆಳಗಿಡಿ ಅಕ್ಕಾ, ಕೈ ಸೋಲುತ್ತದೆ” ಎಂದಳು. ಇಡಲಾಗಲಿಲ್ಲ. ಈಗ ಇಟ್ಟರೆ ಅವ್ವನ ಕೈ ಬಿಟ್ಟದ್ದು ಯಾತಕ್ಕೆ ಎಂಬ ಪ್ರಶ್ನೆ ಏಳುತ್ತಿತ್ತು.

ಅಕ್ಕ ಒಂದೇ ಸಲ ಹೇಳಿದಳು. “ನಾ ಹೇಳಿದ್ದೆ. ನೀ ಮ್ಯಾಪ್ ತೋರಿಸಿದಿ.” ಬೈದದ್ದಲ್ಲ. ಸುಸ್ತಾದವಳ ಮಾತು.

ಮರುದಿನ ತಂಗಿ ರೈಲಿನಲ್ಲಿ ಬಂದಳು. ಅವಳೂ ಅಕ್ಕನೂ ಎದುರುಬದುರು ಕೂತರು. ಇವಳು ತಂದ ಚಹಾ ಅವಳು ಕುಡಿದಳು, ಅವಳು ಕೊಟ್ಟ ಶಾಲು ಇವಳು ಹೊದ್ದಳು. ಗೋವಾ ಇಲ್ಲ, ಮಂಗಳೂರು ಇಲ್ಲ. ಅವರು ಜಗಳಾಡದೆ ಇದ್ದದ್ದು ನನಗೆ ಡಾಕ್ಟರ ಮಾತಿಗಿಂತ ಹೆಚ್ಚು ಭಯ ಹುಟ್ಟಿಸಿತು. ಅವ್ವ ಸತ್ತರೆ ಈ ಮನೆ ಹೀಗಿರುತ್ತದೆ ಎಂದು ಯಾರೋ ಮುಂಚೆಯೇ ತೋರಿಸಿದಂತಿತ್ತು.

ಐದನೆಯ ದಿನ ಅವ್ವ ಆಮ್ಲಜನಕದ ಮಾಸ್ಕ್ ಸರಿಸಿ ಮೊದಲು ಕೇಳಿದ್ದು, “ತಂಬಿಗಿ?”

“ಐತಿ” ಎಂದೆ. ಅವಳು ಕಣ್ಣು ಮುಚ್ಚಿದಳು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು.

ಊರಿಗೆ ಬಂದೆವು. ಎರಡೂ ತಂಬಿಗೆಗಳನ್ನು ಹಳೆ ಮನೆಯ ಜಂತೆಗೆ ಕಟ್ಟಿದ ನೆಲುವಿನಲ್ಲಿ, ಮೊದಲು ಬೆಣ್ಣೆಗಡಿಗೆ ತೂಗುತ್ತಿದ್ದ ಹಗ್ಗದ ಬುಟ್ಟಿಯಲ್ಲಿ, ತೂಗುಹಾಕಿದೆ. ಗೃಹಪ್ರವೇಶ ಶ್ರಾವಣಕ್ಕೆ ಹೋಯಿತು. ಅವ್ವ ತಲೆಯ ಮೇಲೆ ನೀರು ಸುರಿದುಕೊಳ್ಳುವುದನ್ನು ಬಿಟ್ಟಳು. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಿದ್ದಳು. ನಾನು ನಿದ್ದೆ ಬಿಟ್ಟೆ. ಕಣ್ಣು ಹತ್ತಿದ ಕೂಡಲೇ ಎಡಗೈ ಮುಷ್ಟಿ ಕಟ್ಟಿಕೊಳ್ಳುತ್ತಿತ್ತು. ಬೆರಳ ನಡುವೆ ಏನೋ ಜಾರುತ್ತಿತ್ತು. ಬಚ್ಚಲಲ್ಲಿ ಅಪ್ಪ ಕಾಲು ತೊಳೆದರೂ ಎದ್ದು ಕೂರುತ್ತಿದ್ದೆ. ಕಾಲೇಜಿನಲ್ಲಿ ಪಶ್ಚಿಮ ಕರಾವಳಿಯ ಪಾಠ ಬಂದಾಗ ಗೋಡೆಯ ನಕ್ಷೆಯ ಮುಂದೆ ನಿಂತು ಕೋಲು ಎತ್ತಲಾಗಲಿಲ್ಲ. ಅಲ್ಲೂ ಉದ್ದಕ್ಕೂ ಅದೇ ಒಂದೇ ನೀಲಿ. “ಇವತ್ತು ನೀವೇ ಓದಿಕೊಳ್ರಿ” ಎಂದು ಹೊರಗೆ ಬಂದುಬಿಟ್ಟೆ.

ಒಂದು ಮಧ್ಯಾಹ್ನ ಅವ್ವ ಹೂ ಕಟ್ಟುತ್ತಿದ್ದಾಗ ಎದುರು ಕೂತು ಎಲ್ಲ ಹೇಳಿದೆ. ನಕ್ಷೆ. ತಂಬಿಗೆ. ಬಲಗೈ. ಅವಳು ಕಟ್ಟುವುದನ್ನು ನಿಲ್ಲಿಸಲಿಲ್ಲ.

“ನೀ ಹೇಳಿದ್ದಕ್ಕ ನಾ ಇಳಿದೆ ಅನ್ಕೊಂಡೀಯೇನು? ನಾ ಯಾವತ್ತರ ನಿನ್ನ ಮಾತು ಕೇಳೀನಿ?”

“ತಂಬಿಗಿ, ಅವ್ವ?”

ಅವಳು ದಾರವನ್ನು ಹಲ್ಲಿನಿಂದ ಕಡಿದಳು. “ಬಿಡಬೇಕಿತ್ತು ನೀ” ಎಂದಳು. “ನನಗ ಭಾಳ ಭಯ ಆಗಿತ್ತು.”

ಅಷ್ಟೇ. ಸಮಾಧಾನದ ಸುಳ್ಳನ್ನು ಅವಳು ಹೇಳಲಿಲ್ಲ. ಅಂದೂ ನಿದ್ದೆ ಬರಲಿಲ್ಲ, ಆದರೆ ಆ ರಾತ್ರಿ ಮೊದಲ ಸಲ ನಾನು ಅತ್ತೆ.

ಶ್ರಾವಣದಲ್ಲಿ ಅಕ್ಕ, ತಂಗಿ ಇಬ್ಬರೂ ಬಂದರು. ಹೊಸ ಮನೆಯ ಪೂಜೆಯ ಹೊತ್ತಿಗೆ ನೆಲುವಿನಿಂದ ತಂಬಿಗೆಗಳನ್ನು ಇಳಿಸಿ ನಾನೇ ಒಳಗೆ ತಂದೆ. ಕಳಶಕ್ಕೆ ಯಾವುದನ್ನು ಮೊದಲು ಸುರಿಯಬೇಕು ಎಂದು ಸ್ವಾಮಿಗಳು ಕೇಳಿದರು.

“ಮೊದಲು ತುಂಬಿದ್ದು ನಮ್ಮದು” ಎಂದಳು ತಂಗಿ.

“ಕೆರಿ ನೀರು ತಂದು ಮೊದಲು ಅಂತ!” ಎಂದಳು ಅಕ್ಕ. ಮಂಗಳೂರಿನ ಆ ಸಂಜೆಯ ಮೇಲೆ ಮೊದಲ ಸಲ ಆ ಧ್ವನಿ ಕೇಳಿದೆ. ಜನ ನಕ್ಕರು. ಯಾರೋ ಹಿರಿಯರು ನನ್ನ ಕಡೆ ತಿರುಗಿದರು: “ನೀ ಓದಿದಾಕಿ, ನೀ ಹೇಳವ್ವ. ಎರಡೂ ಒಂದ ಸಮುದ್ರ ಹೌದಲ್ಲೋ?”

ಅವ್ವ ನನ್ನನ್ನೇ ನೋಡುತ್ತಿದ್ದಳು. ಅಕ್ಕನೂ.

“ಅಲ್ರಿ” ಎಂದೆ. “ಎರಡೂ ಬ್ಯಾರೆ. ಅಕ್ಕನ್ನ ಕೇಳ್ರಿ, ಆಕಿಗೆ ಗೊತ್ತು.”

ಅಕ್ಕ ನನ್ನ ಕೈಯಿಂದ ಮಂಗಳೂರಿನ ತಂಬಿಗೆಯನ್ನು ಇಸಿದುಕೊಂಡು, ತಂಗಿಯದನ್ನೇ ಮೊದಲು ಸುರಿಯಲು ಸನ್ನೆ ಮಾಡಿದಳು. ಆಮೇಲೆ ತನ್ನದನ್ನು ಸುರಿದು, ಖಾಲಿ ತಂಬಿಗೆಯನ್ನು ನನ್ನ ಮುಂದೆ ನೆಲದ ಮೇಲೆ ಇಟ್ಟಳು. ಠಣ್ ಎಂದಿತು.

ಆ ರಾತ್ರಿ ಸುಣ್ಣದ ವಾಸನೆ ಇನ್ನೂ ಆರದ ನಡುಮನೆಯಲ್ಲಿ ನಾಲ್ವರೂ ಸಾಲಾಗಿ ಮಲಗಿದೆವು. ಹಲ್ಲು ಸವೆದದ್ದು, ಪಾವು ತಿಂದದ್ದು, ಏನೇನೋ ನಡೆಯುತ್ತಿತ್ತು. ನಾನು ಎಲ್ಲಿಯವರೆಗೆ ಕೇಳಿದೆನೋ ನೆನಪಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಅರ್ಧ ಗೋಡೆಗೆ ಏರಿತ್ತು. ಹಡಗಲಿಗೆ ಹೂವಿನ ಚೀಲ ಹೋಗಿ ಎಷ್ಟೋ ಹೊತ್ತಾಗಿತ್ತು. ಅವ್ವ ಒದ್ದೆ ಕೂದಲನ್ನು ಟವೆಲಿನಲ್ಲಿ ಕೊಡವುತ್ತಾ ನನ್ನನ್ನು ದಾಟಿ ಹೋದಳು. ಎರಡು ತಿಂಗಳ ಮೇಲೆ ತಲೆಗೆ ನೀರು ಹಾಕಿಕೊಂಡಿದ್ದಳು. ಬಚ್ಚಲು ನನ್ನ ತಲೆದೆಸೆಯ ಗೋಡೆಯ ಆಚೆಗೇ ಇದೆ. ನನಗೆ ನೀರಿನ ಸದ್ದು ಕೇಳಿಸಿರಲಿಲ್ಲ.