ಆಫ್ರಿಕಾ ಪಾಠ ಮಾಡಿದ ಮಳೆಗಾಲ

ಆ ಮಳೆಗಾಲದಲ್ಲಿ ನಾನು ಒಂಬತ್ತನೇ ತರಗತಿಗೆ ಆಫ್ರಿಕಾ ಖಂಡದ ಪಾಠ ಮಾಡುತ್ತಿದ್ದೆ. ಧರಮಪೇಠದ ಶಾಲೆಯೊಂದರಲ್ಲಿ ನಾನು ಭೂಗೋಳದ ಶಿಕ್ಷಕಿ. ಸೇನೆಯಲ್ಲಿ ವೈದ್ಯರಾಗಿದ್ದ ನನ್ನ ಗಂಡ ಶಾಂತಿಪಾಲನಾ ಪಡೆಯ ಜೊತೆ ದಕ್ಷಿಣ ಸುಡಾನಿಗೆ ಹೋಗಿದ್ದರು. ವಿದರ್ಭದ ಕಾಮ್ಠಿಯ ಸೇನಾ ಕ್ವಾರ್ಟರ್ಸಿನಲ್ಲಿ ನಾನು, ಧಾರವಾಡದಿಂದ ಬಂದಿದ್ದ ಅತ್ತೆ, ಇಬ್ಬರೇ.

ಅವರು ಫೋನಿನಲ್ಲಿ ಹೇಳುತ್ತಿದ್ದುದು ನನ್ನ ಪಠ್ಯಪುಸ್ತಕದಲ್ಲಿರಲಿಲ್ಲ. ಬಿಳಿ ನೈಲ್ ಅಲ್ಲಿ ಆಳೆತ್ತರದ ಹುಲ್ಲಿನ ನಡುವೆ ಹರಡಿಕೊಂಡು, ಹರಿಯುವುದನ್ನೇ ಮರೆತಂತೆ ನಿಂತುಬಿಡುತ್ತದಂತೆ. ಮಳೆ ಹಿಡಿದರೆ ರಸ್ತೆಗಳು ಮುಳುಗಿ, ಜನ ದನ ಹೊಡೆದುಕೊಂಡು ದಿಬ್ಬ ಹುಡುಕುತ್ತಾರಂತೆ. ಕ್ಯಾಂಪಿನ ಗೇಟಿನ ಹೊರಗೆ ಒಬ್ಬ ಹೆಂಗಸು ಹುಳಿ ಬರಿಸಿದ ಜೋಳದ ಹಿಟ್ಟನ್ನು ಹಂಚಿನ ಮೇಲೆ ತೆಳ್ಳಗೆ ಹರಡಿ, ರೊಟ್ಟಿ ಸುಟ್ಟು ಮಾರುತ್ತಿದ್ದಳು. ಅವಳ ಕೂಸಿಗೆ ಜ್ವರ ಬಂದಾಗ ಇವರು ಔಷಧ ಕೊಟ್ಟಿದ್ದರು. ಅಂದಿನಿಂದ ಭಾನುವಾರದ ಊಟ ಅವಳ ಹತ್ತಿರವೇ.

“ಅಲ್ಲೂ ಜೋಳಾನ ತಿಂತಾರಾ?” ಅತ್ತೆಗೆ ಆ ಸಂಗತಿ ಬಹಳ ಹಿಡಿಸಿತು. “ಹಂಗಾರ ನಮ್ಮಂಥಾ ಮಂದೀನ ಬಿಡು.”

ಆಮೇಲೆ ಆ ಕ್ಯಾಂಪಿದ್ದ ಊರಿನಲ್ಲಿ ಎರಡು ಪಂಗಡಗಳ ನಡುವೆ ಗುಂಡು ಹಾರಿತು. ಟೀವಿಯಲ್ಲಿ ಒಂದು ಸಾಲಿನ ಸುದ್ದಿ ಬಂತು, ಹೋಯಿತು. ಇವರ ಫೋನ್ ಹತ್ತಲಿಲ್ಲ. ಸೇನಾ ಕಚೇರಿಯಲ್ಲಿ ವಿಚಾರಿಸಿದರೆ, ಸಂಪರ್ಕ ಕಡಿದಿದೆ, ಕಾಯಬೇಕು ಎಂಬುದೊಂದೇ ಉತ್ತರ. ಅತ್ತೆ ಊಟ ಬಿಟ್ಟು ದೇವರ ಮುಂದೆ ಕೂತರು. ನಾನು ಶಾಲೆಗೆ ಹೋದೆ. ಮನೆಯಲ್ಲಿ ಕೂತರೆ ತಲೆ ಕೆಡುತ್ತಿತ್ತು.

ಅಂದಿನ ಪಾಠ ನೈಲ್ ನದಿ. ಹಲಗೆಯ ಮೇಲೆ ಸರೋವರದಿಂದ ಗೆರೆ ಎಳೆಯುತ್ತ ಬಂದವಳು ಜೌಗು ನೆಲದ ಹತ್ತಿರ ನಿಂತೆ. ಮುಂದಿನ ಬೆಂಚಿನ ಹುಡುಗಿ ಕೇಳಿದಳು, “ಮ್ಯಾಡಮ್, ವಹಾಂ ಲೋಗ್ ರೆಹತೇ ಹೈಂ ಕ್ಯಾ?” ಅಂಥ ನೀರಲ್ಲಿ ಜನ ಇರುತ್ತಾರಾ ಎಂದು ಅವಳಿಗೆ ಆಶ್ಚರ್ಯ.

ಇರುತ್ತಾರೆ ಎಂದೆ. ದನಗಳ ವಿಷಯ ಹೇಳಿದೆ, ಜೋಳದ ವಿಷಯ ಹೇಳಿದೆ. ಗೇಟಿನ ಹೊರಗಿನ ಹೆಂಗಸಿನ ಮಾತು ಬಂದಾಗ ‘ಇದ್ದಾಳೆ’ ಅನ್ನಬೇಕೋ ‘ಇದ್ದಳು’ ಅನ್ನಬೇಕೋ ತಿಳಿಯಲಿಲ್ಲ. ಮಕ್ಕಳ ಕಡೆ ಬೆನ್ನು ಮಾಡಿ, ಉಳಿದ ನದಿಯನ್ನು ಸಮುದ್ರದವರೆಗೆ ಎಳೆದು ಮುಗಿಸಿದೆ.

ಆ ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಫೋನ್ ಬಂತು.

“ನಾ ಅರಾಮ ಅದೀನಿ. ಅವ್ವಗ ಹೇಳು.”

ನನಗೆ ಅಳು ನಿಲ್ಲಲಿಲ್ಲ. ಅವರು ಮಾತ್ರ ಬೇರೇನೋ ಹೇಳುತ್ತಿದ್ದರು. “ಊರ ಮಂದಿ ನಮ್ಮ ಕ್ಯಾಂಪಿನ ಬೇಲಿ ಒಳಗ ಬಂದಾರ. ಕಾಲಿಡಾಕ ಜಾಗ ಇಲ್ಲ. ಆಕಿ ಬಂದಿಲ್ಲ.”

“ಯಾರ್ರೀ?”

“ರೊಟ್ಟಿ ಮಾಡಾಕಿ.”

ಚಳಿಗಾಲಕ್ಕೆ ಅವರು ಮನೆಗೆ ಬಂದರು. ತೆಳ್ಳಗಾಗಿದ್ದರು. ಅತ್ತೆ ಬಿಸಿ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ ಬಡಿಸಿದರು. ಇವರು ಒಂದು ತುಣುಕು ಮುರಿದು ಕೈಯಲ್ಲಿ ಹಿಡಿದು ಕೂತವರು, ತಿನ್ನದೆ ಎದ್ದು ಕೈ ತೊಳೆದರು.

“ಯಾಕಪಾ, ಖಾರ ಆತೇನು?”

“ಇಲ್ಲಬೇ.”

ಕ್ಯಾಂಪಿನಲ್ಲೇ ಉಳಿದಿದ್ದ ಗೆಳೆಯರೊಬ್ಬರಿಗೆ ಅವರು ಆಗಾಗ ಫೋನ್ ಮಾಡುತ್ತಿದ್ದರು. ನಿರಾಶ್ರಿತರ ಶಿಬಿರಗಳಲ್ಲಿ ಹುಡುಕಿಸೋಣ, ಹೆಸರು ಹೇಳಿ ಎಂದು ಆ ಗೆಳೆಯರು ಕೇಳಿದರಂತೆ. ಹೆಸರು ಇವರಿಗೆ ಗೊತ್ತಿರಲಿಲ್ಲ. ಇವರು ಅವಳನ್ನು ಸಿಸ್ಟರ್ ಎನ್ನುತ್ತಿದ್ದರು, ಅವಳು ಇವರನ್ನು ಡಾಕ್ಟರ್ ಎನ್ನುತ್ತಿದ್ದಳು, ಅಷ್ಟೇ.

ಒಂದು ಸಂಜೆ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಇವರು ಬಂದು ಎದುರು ಕೂತರು. “ನಿನಗ ಭೂಗೋಳ ಗೊತ್ತಲ್ಲ. ಆ ಮಳ್ಯಾಗ, ಕೂಸಿನ ಕಟಗೊಂಡು, ಯಾ ಕಡೆ ಹೋಗಿರಬಹುದು ಹೇಳು.”

ಪಡುವಣಕ್ಕೆ ಜೌಗು. ಉತ್ತರದಲ್ಲಿ ಗುಂಡಿನ ಕಾಳಗ. ಮೂಡಣಕ್ಕೆ ನಮ್ಮ ವಿದರ್ಭದಂಥದೇ ಕಪ್ಪು ಮಣ್ಣು, ಮಳೆಗೆ ಕಾಲು ಹೂತುಹೋಗುವ ನೆಲ. ಅದನ್ನು ನೂರಾರು ಕಿಲೋಮೀಟರ್ ದಾಟಿದರೆ ಗಡಿ, ಗುಡ್ಡಗಳು.

“ಮೂಡಣಕ್ಕ ಹೋಗಿರ್ತಾಳ್ರಿ,” ಎಂದೆ. “ಅಲ್ಲಿ ನೆಲ ಎತ್ತರ ಐತಿ. ನೀರು ನಿಲ್ಲಂಗಿಲ್ಲ.”

ಅವರು ತಲೆಯಾಡಿಸಿದರು. ಎಷ್ಟು ದೂರ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.