ಮತ್ತೆ ಮೊದಲಿನಿಂದ

ಆಸ್ಪತ್ರೆಯ ಬಟ್ಟೆಮನೆಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರುಗಳ ಬಿಳಿ ಕೋಟು, ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಎಲ್ಲವೂ ಅವಳ ಕೈ ದಾಟಿಯೇ ಮೇಲಿನ ಮಹಡಿಗೆ ಹೋಗಬೇಕು. ಮದುವೆಯ ವಯಸ್ಸಿಗೆ ಮುಂಚೆ ಹಿಡಿದ ಇಸ್ತ್ರಿಪೆಟ್ಟಿಗೆಯನ್ನು ಆ ವಯಸ್ಸು ದಾಟಿಹೋದ ಮೇಲೂ ಬಿಟ್ಟಿರಲಿಲ್ಲ. ನಿಂತು ನಿಂತು ಕಾಲಿನ ನರಗಳು ಹಗ್ಗದಂತೆ ಗಂಟುಕಟ್ಟಿದ್ದವು. ಆದರೂ ಇಷ್ಟು ವರ್ಷದಲ್ಲಿ ಒಂದೇ ಒಂದು ಬಟ್ಟೆ ಸುಟ್ಟವಳಲ್ಲ. ಅದೊಂದು ಜಂಬ ಅವಳಿಗಿತ್ತು. ಜಂಬಪಡಲು ಪಾಪ, ಬೇರೆ ಏನಿತ್ತು?

ತಂಗಿ ಇದ್ದಳು. ಅಪ್ಪ ಹೇಳದೆ ಕೇಳದೆ ಮನೆ ಬಿಟ್ಟು ಹೋದಾಗ ಅವಳಿನ್ನೂ ಅಂಬೆಗಾಲಿಡುತ್ತಿದ್ದಳು. ಅಮ್ಮ ದುಡಿಯಲು ಹೊರಟರೆ ಮಗುವನ್ನು ಸೊಂಟದಲ್ಲಿ ಹೊತ್ತವಳು, ಬೆರಳು ಕೊಟ್ಟು ನಡೆಯಲು ಕಲಿಸಿದವಳು ಅಕ್ಕ. ತಂಗಿ ಓದಿದಳು, ಅನುಕೂಲಸ್ಥರ ಮನೆ ಸೇರಿದಳು, ಈಗ ಊರಿಗೇ ನಡೆಯಲು ಕಲಿಸುತ್ತಿದ್ದಳು. ಪ್ರತಿ ಭಾನುವಾರ ಬೆಳಿಗ್ಗೆ ಪಾರ್ಕಿನ ಗೇಟಿನಿಂದ ಬಿಳಿ ಬಟ್ಟೆಯವರ ಉದ್ದನೆಯ ಸಾಲು ಹೊರಡುತ್ತಿತ್ತು. ಮುಂದೆ ತಂಗಿ, ಅವಳ ಹಿಂದೆ ‘ಒಳಗೆ ನೆಮ್ಮದಿ, ಜಗಕ್ಕೆ ಶಾಂತಿ’ ಎಂಬ ಬ್ಯಾನರು. ಮಾರುಕಟ್ಟೆ ಬೀದಿ, ಸೇತುವೆ, ನದಿ ದಂಡೆ ಬಳಸಿ ಮತ್ತೆ ಗೇಟಿಗೆ ಬರಬೇಕು. ಫೋನುಗಳೆಲ್ಲ ಒಂದು ಚೀಲದಲ್ಲಿ. ದಾರಿಯಲ್ಲಿ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಒಬ್ಬರು ಒಂದು ಮಾತಾಡಿದರೂ ಇಡೀ ಸಾಲು ಗೇಟಿಗೆ ವಾಪಸು ಹೋಗಿ ಮತ್ತೆ ಮೊದಲಿನಿಂದ ನಡೆಯಬೇಕು. ಈ ನಿಯಮ ಮಾಡಿದವಳು ತಂಗಿಯೇ. ಒಮ್ಮೆ ಒಬ್ಬ ನಿವೃತ್ತ ಮೇಷ್ಟರು ಎಡವಿ ‘ಅಯ್ಯೋ’ ಎಂದದ್ದಕ್ಕೆ ಎಲ್ಲರನ್ನೂ ತಿರುಗಿಸಿದ್ದಳು. ಆ ಕಥೆ ಹೇಳಿಕೊಂಡು ಜನ ಪುಳಕಗೊಳ್ಳುತ್ತಿದ್ದರು, ಮೇಷ್ಟರು ಎಲ್ಲರಿಗಿಂತ ಹೆಚ್ಚಾಗಿ.

ಜಗತ್ತಿನ ಶಾಂತಿಗೆ ಇಷ್ಟೊಂದು ದುಡಿಯುವವಳಿಗೆ ಅಮ್ಮನ ಕೋಣೆಗೆ ಬರಲು ಪುರುಸೊತ್ತಿರಲಿಲ್ಲ. ಅಮ್ಮ ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು ಎಲ್ಲ ದೊಡ್ಡವಳ ಪಾಲು. ಅಮ್ಮ ಕನವರಿಸುತ್ತಿದ್ದುದು ಮಾತ್ರ ಚಿಕ್ಕವಳನ್ನು. ಚಿಕ್ಕವಳು ಬಂದಳಾ ಎಂದು ಕೇಳಿದಾಗೆಲ್ಲ ದೊಡ್ಡವಳು ಚಮಚ ಬಾಯಿಗಿಡುತ್ತ, ಬರ್ತಾಳೆ, ಬಾಯಿ ತೆಗಿ ಎನ್ನುತ್ತಿದ್ದಳು. ಹೊಟ್ಟೆ ಉರಿಯುತ್ತಿರಲಿಲ್ಲ ಎಂದಲ್ಲ. ಚೆನ್ನಾಗಿಯೇ ಉರಿಯುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಅಮ್ಮನ ಉಸಿರು ಬೇರೆಯೇ ಆಯಿತು. ಆಸ್ಪತ್ರೆಯಲ್ಲಿ ಜೀವ ತೇದವಳಿಗೆ ಆ ಉಸಿರಿನ ಗುರುತು ಹತ್ತದೆ ಇರುತ್ತದೆಯೇ? ತಂಗಿಗೆ ಫೋನು ಮಾಡಿದಳು. ಅದು ಚೀಲದೊಳಗೆ ಬಡಿದುಕೊಂಡು ಸುಮ್ಮನಾಯಿತು. ಅಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಅವಳನ್ನ ಕರ್ಕೊಂಡು ಬಾ. ಒಂದ್ಸಲ ಮುಖ ನೋಡ್ಬಿಡ್ತೀನಿ."

ಪಕ್ಕದ ಮನೆಯ ಹೊಲಿಗೆಯವಳನ್ನು ಅಮ್ಮನ ಬಳಿ ಕೂರಿಸಿ ಇಸ್ತ್ರಿ ಅಕ್ಕ ಓಡಿದಳು. ಆ ಕಾಲಿನಲ್ಲಿ ಓಡಿದಳು ಅನ್ನುವುದು ದೊಡ್ಡ ಮಾತು, ಕುಂಟಿದಳು.

ಸಾಲು ಸಿಕ್ಕಿದ್ದು ಸೇತುವೆಯ ಮೇಲೆ. ಇನ್ನು ನದಿ ದಂಡೆಯೊಂದನ್ನು ಬಳಸಿದರೆ ಅವರ ನಡಿಗೆ ಮುಗಿಯುತ್ತಿತ್ತು. ಇಸ್ತ್ರಿ ಅಕ್ಕನಿಗೆ ನಿಯಮ ಗೊತ್ತಿತ್ತು. ಅಮ್ಮನ ಸಾವಿಗೂ ಅದು ಅನ್ವಯಿಸುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ಎಲ್ಲರನ್ನೂ ದಾಟಿಕೊಂಡು ಮುಂದೆ ಹೋಗಿ ತಂಗಿಯ ತೋಳು ಹಿಡಿದಳು.

"ಅಮ್ಮ ಹೋಗ್ತಿದಾಳೆ ಕಣೇ. ನಿನ್ನನ್ನೇ ಕೇಳ್ತಿದಾಳೆ. ಬಾ."

ತಂಗಿಗೆ ಕೇಳಿಸಿತು. ಅವಳ ರೆಪ್ಪೆ ಅದುರಿದ್ದನ್ನು ಅಕ್ಕ ನೋಡಿದಳು. ತಂಗಿ ಒಮ್ಮೆ ಹಿಂದೆ ನೋಡಿದಳು. ಊರಿನ ಗಣ್ಯರೆಲ್ಲ ಅವಳನ್ನೇ ನೋಡುತ್ತಿದ್ದರು, ಎಡವಿದ್ದ ಮೇಷ್ಟರೂ ಇದ್ದರು. ಅವಳು ಅಕ್ಕನ ಕೈಯನ್ನು ಮೆಲ್ಲಗೆ ಬಿಡಿಸಿ, ಅಂಗೈ ಮೇಲೆತ್ತಿ, ಹಿಂದಕ್ಕೆ ತಿರುಗಿ ಎಂದು ಸನ್ನೆ ಮಾಡಿದಳು. ಸಾಲಿಗೆ ಸಾಲೇ ಗೇಟಿನ ಕಡೆ ತಿರುಗಿತು.

ಗೊಣಗುವ ಹಾಗಿಲ್ಲವಲ್ಲ, ಎಲ್ಲರೂ ಇಸ್ತ್ರಿ ಅಕ್ಕನನ್ನು ಸುಡುವಂತೆ ನೋಡಿದರು. ಮೇಷ್ಟರು ಮಾತ್ರ ತಮ್ಮ ತುಟಿಯ ಮೇಲೆ ಬೆರಳಿಟ್ಟು, ಅವಳ ಭುಜ ಹಿಡಿದು ಸಾಲಿನೊಳಗೆ ಸೇರಿಸಿಕೊಂಡರು. ಅವರ ಲೆಕ್ಕದಲ್ಲಿ ಅದು ಕರುಣೆ. ಅವಳು ಒಬ್ಬಳೇ ಮನೆಗೆ ಹೋಗಿಬಿಡಬಹುದಿತ್ತು. ಆದರೆ ಬರಿಗೈಯಲ್ಲಿ ಹೋಗಿ ಅಮ್ಮನಿಗೆ ಯಾವ ಮುಖ ತೋರಿಸುವುದು? ಇನ್ನೊಂದು ಮಾತಾಡಿದರೆ ಇವಳು ಇನ್ನೊಮ್ಮೆ ತಿರುಗಿಸುತ್ತಾಳೆ. ತಂಗಿಯ ಹಟ ಸೊಂಟದಲ್ಲಿ ಹೊತ್ತವಳಿಗೆ ಗೊತ್ತಿಲ್ಲದ್ದೇ? ಬಾಯಿಗೆ ಕೈ ಒತ್ತಿಕೊಂಡು ನಡೆದಳು. ಗೇಟಿಗೆ, ಅಲ್ಲಿಂದ ಮತ್ತೆ ಮಾರುಕಟ್ಟೆಗೆ, ಸೇತುವೆಗೆ, ನದಿ ದಂಡೆಗೆ. ನಡೆಯುವಾಗ ಉಸಿರಿನ ಮೇಲೆ ಗಮನವಿರಲಿ ಎಂದು ಬ್ಯಾನರಿನ ಕೆಳಗೆ ಬರೆದಿತ್ತು. ಅವಳ ಗಮನ ಉಸಿರಿನ ಮೇಲೇ ಇತ್ತು, ಅಮ್ಮನ ಉಸಿರಿನ ಮೇಲೆ.

ಗೇಟು ಮುಟ್ಟಿದ್ದೇ ತಡ, ತಂಗಿ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ಹೊಲಿಗೆಯವಳು ಬಾಗಿಲಲ್ಲೇ ನಿಂತಿದ್ದಳು. ಅಮ್ಮ ಹೋಗಿ ಸ್ವಲ್ಪ ಹೊತ್ತಾಗಿತ್ತು, ಮೈ ಇನ್ನೂ ಬೆಚ್ಚಗಿತ್ತು. ಕೊನೆಗೆ ಏನಾದರೂ ಹೇಳಿದಳಾ ಎಂದು ತಂಗಿ ಕೇಳಿದಳು. ಹೊಲಿಗೆಯವಳು ಮುಚ್ಚುಮರೆ ಅರಿಯದ ಹೆಂಗಸು.

"ದೊಡ್ಡವಳು ಎಲ್ಲಿ ಹಾಳಾಗಿ ಹೋದ್ಲು, ಬಾಯಿಗೆ ನೀರು ಬಿಡೋಕೂ ಇಲ್ವಲ್ಲ ಅಂತ ಬೈದ್ರು. ನಾನು ಕೊಟ್ರೆ ಕುಡೀಲಿಲ್ಲ."

ತಂಗಿ ಅತ್ತಳು, ನಿಜವಾಗಿಯೇ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ನಡಿಗೆಯವರಿಗೆ ಪಾಠ ಹೇಳುವ ಅದೇ ಮೆಲುದನಿಯಲ್ಲಿ ಅಕ್ಕನಿಗೆ ಹೇಳಿದಳು.

"ನೀನು ಬಾಯಿ ಬಿಡದೆ ಇದ್ದಿದ್ರೆ ನಾವು ಆವಾಗ್ಲೇ ಮುಗಿಸ್ಕೊಂಡು ಬಂದ್ಬಿಡ್ತಿದ್ವಿ, ಅಕ್ಕ."

ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ಇಸ್ತ್ರಿ ಅಕ್ಕ ಅಮ್ಮನ ಹೊದಿಕೆಯ ಸುಕ್ಕು ಎಳೆದು ಸರಿಮಾಡಿದಳು.

ಜನ ಸೇರುವ ಮೊದಲು ತಂಗಿ ಬೆವರಿಗೆ ಮುದ್ದೆಯಾಗಿದ್ದ ತನ್ನ ಬಿಳಿ ಅಂಗಿ ಕಳಚಿ ಅಕ್ಕನ ಕೈಗಿಟ್ಟು, ನಡಿಗೆಯವರೆಲ್ಲ ಬರುತ್ತಿದ್ದಾರೆ, ಇದಕ್ಕೊಂದು ಇಸ್ತ್ರಿ ಹಾಕಿಕೊಡು ಎಂದಳು. ಪೆಟ್ಟಿಗೆ ಕಾಯಿತು. ಅಂಗಿಯ ಎದೆಯ ಮೇಲೆ ಅದನ್ನಿಟ್ಟು ಹಾಗೇ ಬಿಟ್ಟುಬಿಡೋಣ, ಹೊಗೆ ಏಳಲಿ ಎಂದು ಅವಳಿಗೆ ಅನ್ನಿಸಿತು. ಇಟ್ಟಳು ಕೂಡ. ಆದರೆ ಕೈ ಕೇಳಲಿಲ್ಲ, ತನ್ನಷ್ಟಕ್ಕೆ ಮುಂದೆ ಸರಿಯಿತು. ಕಾಲರು, ತೋಳು, ಬೆನ್ನು, ಎಲ್ಲೂ ಒಂದು ಸುಕ್ಕಿಲ್ಲದಂತೆ ಮಾಡಿ ಕೊಟ್ಟಳು. ತಂಗಿ ಅದನ್ನು ತೊಟ್ಟು ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಒಳಗೆ ಇಸ್ತ್ರಿ ಅಕ್ಕ ಬಾಯಿಗೆ ಕೈ ಒತ್ತಿಕೊಂಡು ಅಮ್ಮನ ಕಾಲ ಬಳಿ ಕೂತಳು.